ಲಾ ವೆರ್ನಾದಿಂದ ಅಸ್ಸಿಸಿಗೆ, ಅಲ್ಲಿಂದ ರಿಯೇತಿ ಕಣಿವೆಗೆ: ಸಂತ ಫ್ರಾನ್ಸಿಸರ ದಾರಿಯ ಪಾದಯಾತ್ರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಸಂತ ಫ್ರಾನ್ಸಿಸ್ ಎಂದರೆ ಬಹುಮಂದಿಗೆ ಮೊದಲು ನೆನಪಾಗುವವರು ಗೋವೆಯಲ್ಲಿ ಪಾರ್ಥಿವ ಶರೀರವಿರುವ ಫ್ರಾನ್ಸಿಸ್ ಜೇವಿಯರ್. ಈ ಬರಹ ಅವರಿಗಿಂತ ಮೂರು ಶತಮಾನಗಳಷ್ಟು ಹಿಂದೆ ಬಾಳಿದ ಇನ್ನೊಬ್ಬ ಫ್ರಾನ್ಸಿಸರ ದಾರಿಯ ಕುರಿತಾದದ್ದು. ಇಟಲಿಯ ನಡುಭಾಗದ ಉಂಬ್ರಿಯಾ ಪ್ರಾಂತ್ಯದ ಅಸ್ಸಿಸಿ ಎಂಬ ಊರಿನಲ್ಲಿ 1181 ಅಥವಾ 1182ರಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಮಗನಾಗಿ ಹುಟ್ಟಿ, ಇದ್ದುದೆಲ್ಲವನ್ನೂ ಬಿಟ್ಟು, ಬಡತನದಲ್ಲಿ ಬಾಳುವ ಸಂನ್ಯಾಸಿ ಸಹೋದರರ ಸಂಘವೊಂದನ್ನು ಕಟ್ಟಿ, 1226ರ ಅಕ್ಟೋಬರ್ 3ರ ಸಂಜೆ ಅದೇ ಊರಿನ ಕೆಳಗಿನ ಬಯಲಿನಲ್ಲಿ ಬರಿನೆಲದ ಮೇಲೆ ಮಲಗಿ ಕಣ್ಣು ಮುಚ್ಚಿದವರು ಇವರು. ಮಂಗಳೂರಿನ ಕಡೆ ಕಂದು ನಿಲುವಂಗಿ ತೊಟ್ಟು ಸೊಂಟಕ್ಕೆ ಮೂರು ಗಂಟಿನ ಬಿಳಿ ಹಗ್ಗ ಕಟ್ಟಿಕೊಂಡ ಕಪುಚಿನ್ ಗುರುಗಳನ್ನು ಕಂಡಿದ್ದರೆ, ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿಗೆ ಹೋಗಿದ್ದರೆ, ಈ ಪರಂಪರೆಯ ಒಂದು ಕೊಂಬೆಯನ್ನು ನೀವಾಗಲೇ ನೋಡಿದ್ದೀರಿ.

ಇಟಲಿಯಲ್ಲಿ ‘ವಿಯಾ ದಿ ಫ್ರಾಂಚೆಸ್ಕೊ’ ಎಂದು ಕರೆಯುವ ಈ ದಾರಿ ಒಂದೇ ಗೆರೆಯಲ್ಲ. ಫ್ರಾನ್ಸಿಸ್ ನಡೆದಾಡಿದ, ತಂಗಿದ, ಕಾಯಿಲೆ ಬಿದ್ದ, ಹೊಡೆತ ತಿಂದ ಜಾಗಗಳನ್ನು ಹಳೆಯ ಕಾಲುದಾರಿಗಳಿಂದ ಪೋಣಿಸಿದ ಸರ ಅದು. ಉತ್ತರದಲ್ಲಿ ಟಸ್ಕನಿಯ ಲಾ ವೆರ್ನಾ ಬೆಟ್ಟದಿಂದ ಅಸ್ಸಿಸಿಗೆ ಸುಮಾರು 190 ಕಿಲೋಮೀಟರ್ ಆಗುತ್ತದೆ. ಅಸ್ಸಿಸಿಯಿಂದ ದಕ್ಷಿಣಕ್ಕೆ ರಿಯೇತಿ ಕಣಿವೆಯನ್ನು ಹಾದು ರೋಮಿನವರೆಗೂ ದಾರಿ ಸಾಗುತ್ತದೆ. ಹೊರಡುವ ಮುನ್ನವೇ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಈ ದಾರಿಯಲ್ಲಿ ಕಣ್ಣಿಗೆ ಮೊದಲು ಬೀಳುವ ದೊಡ್ಡ ಕಟ್ಟಡ ಹೆಚ್ಚಾಗಿ ಹೊರಚಿಪ್ಪು ಮಾತ್ರ. ಅದರೊಳಗೋ ಅಡಿಯಲ್ಲೋ ಹಿಂದೆಯೋ ಒಂದು ಗವಿ, ಒಂದು ಬಂಡೆ, ನಾಲ್ಕು ಜನ ನಿಂತರೆ ತುಂಬುವ ಒಂದು ಗುಡಿ ಇರುತ್ತದೆ. ಫ್ರಾನ್ಸಿಸ್ ಕಂಡದ್ದು ಆ ಸಣ್ಣದನ್ನು. ಉಳಿದದ್ದನ್ನು ಕಟ್ಟಿದವರು ಆಮೇಲೆ ಬಂದವರು.

ಹೆಜ್ಜೆ 1: ಎಷ್ಟು ದಿನ, ಯಾವ ಭಾಗ

ಎರಡು ವಾರ ಬಿಡುವಿದ್ದರೆ ಲಾ ವೆರ್ನಾದಿಂದ ಅಸ್ಸಿಸಿಗೆ ನಡೆಯಿರಿ; ನಡಿಗೆಗೆ ಎಂಟೊಂಬತ್ತು ದಿನ, ಅಸ್ಸಿಸಿಗೆ ಎರಡು ದಿನ, ರಿಯೇತಿ ಕಣಿವೆಗೆ ರೈಲಿನಲ್ಲಿ ಹೋಗಿ ಬರಲು ಎರಡು ದಿನ ಸಾಕು. ಅಸ್ಸಿಸಿಯಿಂದ ರಿಯೇತಿಗೂ ನಡೆದೇ ಹೋಗುವ ಮನಸ್ಸಿದ್ದರೆ ಇನ್ನೊಂದು ವಾರವಾದರೂ ಬೇಕು. ನಾಲ್ಕೇ ದಿನ ಇರುವವರು ಗುಬ್ಬಿಯೊದಿಂದ ಅಸ್ಸಿಸಿಯವರೆಗಿನ ತುಂಡನ್ನು ಆರಿಸಿಕೊಳ್ಳಬಹುದು. ಇಡೀ ದಾರಿಯಲ್ಲಿ ಫ್ರಾನ್ಸಿಸರ ನಿಜವಾದ ಹೆಜ್ಜೆಗಳಿಗೆ ಅತ್ಯಂತ ಹತ್ತಿರದ ಭಾಗ ಅದು ಎಂಬುದು ನನ್ನ ಎಣಿಕೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಮತ್ತೆ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ನಡೆಯಲು ಹಿತವಾದ ಕಾಲ. ಜುಲೈ, ಆಗಸ್ಟ್ ತಿಂಗಳುಗಳ ಬಿಸಿಲು ನಮ್ಮ ಕಲಬುರಗಿಯವರಿಗೂ ಸುಲಭದ್ದಲ್ಲ. ಜೊತೆಗೆ ಆಗಸ್ಟ್ 15ರ ಆಸುಪಾಸಿನಲ್ಲಿ ಇಡೀ ಇಟಲಿ ರಜೆಯ ಮೇಲಿರುವುದರಿಂದ ಸಣ್ಣ ಊರುಗಳಲ್ಲಿ ಅಂಗಡಿ ಮುಚ್ಚಿರುತ್ತವೆ, ಕಡಲತೀರದ ಕಡೆ ಹೋಗದವರೆಲ್ಲ ಬೆಟ್ಟದ ತಂಗುದಾಣಗಳಲ್ಲಿ ತುಂಬಿರುತ್ತಾರೆ. ಚಳಿಗಾಲದಲ್ಲಿ ಲಾ ವೆರ್ನಾ ಮೇಲೆ ಹಿಮ ಬೀಳುತ್ತದೆ. ಅಕ್ಟೋಬರ್ 4 ಸಂತರ ಹಬ್ಬ. 2026ರಿಂದ ಅದು ಇಟಲಿಯಲ್ಲಿ ರಾಷ್ಟ್ರೀಯ ರಜಾದಿನವೂ ಆಗಿದೆ. ಹಬ್ಬವನ್ನೇ ನೋಡಬೇಕೆಂದು ಹೋಗುವುದಾದರೆ ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿ; ಹಬ್ಬ ಬೇಡವೆನ್ನುವವರು ಆ ವಾರ ಅಸ್ಸಿಸಿಯಿಂದ ದೂರವಿರುವುದು ಒಳ್ಳೆಯದು.

ಹೆಜ್ಜೆ 2: ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ಪ್ರವಾಸಿ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾದಯಾತ್ರಿಗಳಿಗೆ ತೊಡಕಾಗುವುದು ಬೇರೆ ಕಡೆ: ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ, ಆದರೆ ದಾರಿಯ ಮೇಲಿನ ಮಠಗಳೂ ಯಾತ್ರಿ ನಿವಾಸಗಳೂ ಹೆಚ್ಚಾಗಿ ಫೋನು ಅಥವಾ ಇಮೇಲಿನಲ್ಲಷ್ಟೇ ಜಾಗ ಹಿಡಿದಿಡುತ್ತವೆ. ಆ ಇಮೇಲ್ ಉತ್ತರಗಳನ್ನೆಲ್ಲ ಮುದ್ರಿಸಿ, ದಿನ, ಊರು, ತಂಗುವ ಜಾಗ, ನಡೆಯುವ ದೂರ ಇವಿಷ್ಟನ್ನು ಒಂದು ಪುಟದ ಪಟ್ಟಿಯಾಗಿ ಬರೆದು, ಇದು ಪಾದಯಾತ್ರೆಯೆಂದು ತಿಳಿಸುವ ಪತ್ರದೊಂದಿಗೆ ಅರ್ಜಿಗೆ ಲಗತ್ತಿಸಿ.

ಎರಡನೆಯದು ‘ಕ್ರೆದೆನ್ಸಿಯಾಲೆ’ ಎಂಬ ಯಾತ್ರಿ ಪುಸ್ತಿಕೆ. ದಾರಿಯ ಸಂಘಟಕರಿಗೆ ಮೊದಲೇ ಬರೆದು ಇದನ್ನು ತರಿಸಿಕೊಳ್ಳಬಹುದು. ತಂಗುವ ಪ್ರತಿ ಮನೆ, ಮಠ, ಚರ್ಚು, ಕೆಲವೊಮ್ಮೆ ಕಾಫಿ ಅಂಗಡಿಯಲ್ಲೂ ಅದರಲ್ಲಿ ಠಸ್ಸೆ ಒತ್ತಿಸಿಕೊಳ್ಳಬೇಕು. ಯಾತ್ರಿ ನಿವಾಸಗಳಲ್ಲಿ ರಿಯಾಯಿತಿ ದರಕ್ಕೆ ಇದೇ ಆಧಾರ. ಅಸ್ಸಿಸಿಯಲ್ಲಿ ಯಾತ್ರೆ ಪೂರೈಸಿದ ಪತ್ರ ಸಿಗುವುದೂ ಇದನ್ನು ತೋರಿಸಿದಾಗಲೇ. ಆ ಪತ್ರಕ್ಕೆ ಇಂತಿಷ್ಟು ದೂರ ನಡೆದಿರಬೇಕೆಂಬ ನಿಯಮವಿದ್ದು, ಪುಸ್ತಿಕೆ ಕೈಸೇರಿದ ಕೂಡಲೇ ಅದನ್ನು ಓದಿಕೊಂಡು ನಿಮ್ಮ ಆರಂಭದ ಊರನ್ನು ನಿಗದಿಪಡಿಸಿ. ಇಟಲಿಯ ಕಾನೂನಿನಂತೆ ತಂಗುವ ಕಡೆಯಲ್ಲೆಲ್ಲ ಪಾಸ್‌ಪೋರ್ಟ್ ನೋಂದಾಯಿಸುತ್ತಾರೆ, ಆದ್ದರಿಂದ ಅದನ್ನು ಬೆನ್ನುಚೀಲದ ತಳಕ್ಕೆ ತುರುಕಬೇಡಿ.

ಹೆಜ್ಜೆ 3: ಹೊರೆ, ಗುರುತು, ಊಟ

ಬೆನ್ನುಚೀಲದ ತೂಕ ನಿಮ್ಮ ತೂಕದ ಹತ್ತನೇ ಒಂದು ಭಾಗವನ್ನು ದಾಟದಿರಲಿ. ಊರಿನಲ್ಲೇ ಒಂದು ತಿಂಗಳು ತೊಟ್ಟು ಪಳಗಿಸಿದ, ಕಣಕಾಲು ಹಿಡಿಯುವ ಬೂಟು, ಮಳೆಯಂಗಿ, ಮೂರು ಜೊತೆ ಕಾಲುಚೀಲ, ಊರುಗೋಲು, ಗುಳ್ಳೆಗೆ ಹಚ್ಚುವ ಪಟ್ಟಿ, ತೆಳುವಾದ ಮಲಗುಚೀಲ ಇಷ್ಟು ಬೇಕೇ ಬೇಕು. ದೇವಾಲಯಗಳೊಳಗೆ ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಹಗುರವಾದ ಒಂದು ಪಂಚೆ ಅಥವಾ ದುಪಟ್ಟಾ ಇದಕ್ಕೂ ಆಗುತ್ತದೆ, ಮೈ ಒರೆಸಲೂ ಆಗುತ್ತದೆ.

ದಾರಿಯುದ್ದಕ್ಕೂ ಮರ, ಬಂಡೆ, ಕಂಬಗಳ ಮೇಲೆ ಹಳದಿ-ನೀಲಿ ಪಟ್ಟೆಗಳು, ಕೆಲವು ಕಡೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುವ ಹಳದಿ ‘ತೌ’ ಗುರುತು ಇರುತ್ತದೆ. ತೌ ಎಂಬುದು ಫ್ರಾನ್ಸಿಸ್ ತಮ್ಮ ಪತ್ರಗಳಿಗೆ ರುಜುವಿನಂತೆ ಬಳಸುತ್ತಿದ್ದ ಚಿಹ್ನೆ. ಟಸ್ಕನಿಯ ಕಾಡಿನಲ್ಲಿ ಕೆಂಪು-ಬಿಳಿ ಪಟ್ಟೆಗಳೂ ಕಾಣುತ್ತವೆ. ಅವು ಸಾಮಾನ್ಯ ಚಾರಣ ದಾರಿಗಳ ಗುರುತುಗಳು, ಎಲ್ಲವೂ ನಿಮ್ಮನ್ನು ಅಸ್ಸಿಸಿಗೆ ಒಯ್ಯುವುದಿಲ್ಲ. ಕವಲಿನ ನಂತರ ಕಾಲು ಗಂಟೆ ನಡೆದರೂ ಗುರುತು ಕಾಣದಿದ್ದರೆ ಮುಂದೆ ಹೋಗುವ ಹಟ ಬೇಡ, ಹಿಂತಿರುಗಿ. ದಾರಿಯ ಜಿಪಿಎಸ್ ಕಡತವನ್ನು ಫೋನಿಗೆ ಮೊದಲೇ ಇಳಿಸಿಕೊಂಡಿರಿ. ತುರ್ತು ಸಂಖ್ಯೆ 112.

ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ನಡೆದ ಅಭ್ಯಾಸವಿರುವವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು: ಇಲ್ಲಿ ದಾರಿಬದಿಯಲ್ಲಿ ಪೆಂಡಾಲು ಹಾಕಿ ಮಜ್ಜಿಗೆ ಕೊಡುವವರಿಲ್ಲ, ಅನ್ನದಾನವಿಲ್ಲ. ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತವೆ, ಹೋಟೆಲಿನಲ್ಲಿ ರಾತ್ರಿಯ ಊಟ ಏಳೂವರೆಗೆ ಮೊದಲು ಸಿಗುವುದು ಕಷ್ಟ. ಸಸ್ಯಾಹಾರಿಗಳು ‘ಸೆಂಜಾ ಕಾರ್ನೆ, ಸೆಂಜಾ ಪೆಶೆ’ (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಹೇಳಿದರೆ ಸಾಲದು, ಸೂಪಿನಲ್ಲಿ ಮಾಂಸದ ಸಾರು ಇದೆಯೇ ಎಂದೂ ಕೇಳಬೇಕು. ಉಂಬ್ರಿಯಾದ ಬೇಳೆ ಸಾರು, ಬಿಸಿ ಕಲ್ಲಿನ ಮೇಲೆ ಬೇಯಿಸುವ ‘ತೋರ್ತಾ ಅಲ್ ತೆಸ್ತೊ’ ಎಂಬ ದಪ್ಪ ರೊಟ್ಟಿ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ. ಉಪ್ಪೇ ಇಲ್ಲದ ಅಲ್ಲಿನ ಬ್ರೆಡ್ ಮಾತ್ರ ಒಗ್ಗುವುದಿಲ್ಲ, ಅದಕ್ಕೊಂದು ಚಟ್ನಿಪುಡಿ ಪೊಟ್ಟಣ ಇರಲಿ. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ಒಯ್ಯುವಂತಿಲ್ಲ.

ಹೆಜ್ಜೆ 4: ಲಾ ವೆರ್ನಾ ತಲುಪುವುದು, ಅಲ್ಲಿ ಒಂದು ರಾತ್ರಿ ಉಳಿಯುವುದು

ರೋಮ್ ಅಥವಾ ಫ್ಲಾರೆನ್ಸಿನಿಂದ ರೈಲಿನಲ್ಲಿ ಅರೆತ್ಸೊಗೆ ಬನ್ನಿ. ಅಲ್ಲಿಂದ ಸಣ್ಣ ರೈಲು ಬಿಬ್ಬಿಯೇನಾಗೆ, ಬಿಬ್ಬಿಯೇನಾದಿಂದ ಬಸ್ಸು ಬೆಟ್ಟಕ್ಕೆ. ಭಾನುವಾರ ಈ ಬಸ್ಸುಗಳನ್ನು ನೆಚ್ಚಿಕೊಳ್ಳುವಂತಿಲ್ಲ, ಆದ್ದರಿಂದ ವಾರದ ದಿನವೇ ತಲುಪುವಂತೆ ಲೆಕ್ಕ ಹಾಕಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸದಿದ್ದರೆ ದಂಡ ತೆರಬೇಕಾಗುತ್ತದೆ.

ಲಾ ವೆರ್ನಾ 1,128 ಮೀಟರ್ ಎತ್ತರದಲ್ಲಿದೆ. ಬೀಚ್ ಮತ್ತು ಫರ್ ಮರಗಳ ಹಳೆಯ ಕಾಡಿನ ನಡುವೆ ನೆಟ್ಟಗೆ ಎದ್ದ ಬಂಡೆಯೊಂದರ ತಲೆಯ ಮೇಲೆ ಮಠ ಕೂತಿದೆ. 1213ರಲ್ಲಿ ಕಿಯೂಸಿಯ ಒಡೆಯ ಓರ್ಲಾಂದೊ ಎಂಬವರು ಫ್ರಾನ್ಸಿಸರ ಉಪದೇಶ ಕೇಳಿ ಮೆಚ್ಚಿ ಈ ಬೆಟ್ಟವನ್ನೇ ಧ್ಯಾನಕ್ಕೆಂದು ಬಿಟ್ಟುಕೊಟ್ಟರು. 1224ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಲವತ್ತು ದಿನದ ಉಪವಾಸದಲ್ಲಿದ್ದಾಗ ಫ್ರಾನ್ಸಿಸರ ಕೈ, ಕಾಲು, ಪಕ್ಕೆಗಳಲ್ಲಿ ಕ್ರಿಸ್ತನ ಪಂಚಗಾಯಗಳು ಮೂಡಿದವೆಂಬುದು ಕಥೋಲಿಕರ ನಂಬಿಕೆ. ದಾರಿ ಆರಂಭವಾಗುವ ಈ ಜಾಗ ಅವರ ಬದುಕಿನಲ್ಲಿ ಕೊನೆಯ ಅಧ್ಯಾಯ. ಅದಾದ ಎರಡೇ ವರ್ಷಕ್ಕೆ ಅವರು ತೀರಿಕೊಂಡರು.

ಬಹಳಷ್ಟು ಯಾತ್ರಿಗಳು ದೊಡ್ಡ ಬೆಸಿಲಿಕಾ ನೋಡಿ, ಅಂಗಳದ ಅಂಚಿನ ದೊಡ್ಡ ಶಿಲುಬೆಯ ಬಳಿ ಚಿತ್ರ ತೆಗೆದು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮಧ್ಯಾಹ್ನದ ಹೊತ್ತಿಗೆ ತಲುಪಿ ಚೀಲವನ್ನು ಅತಿಥಿಗೃಹದಲ್ಲಿರಿಸಿ, ಮೊದಲು ಪ್ರವೇಶದ ಬಳಿಯ ಪುಟ್ಟ ‘ಸಾಂತಾ ಮರಿಯಾ ದೆಲ್ಯಿ ಆಂಜೆಲಿ’ ಗುಡಿಯಲ್ಲಿ ಸ್ವಲ್ಪ ಹೊತ್ತು ಕೂರಿ. ಬೆಟ್ಟದ ಮೇಲಿನ ಮೊದಲ ಚರ್ಚು ಅದು. ಆಮೇಲೆ ಬೆಸಿಲಿಕಾದಲ್ಲಿ ಆಂದ್ರೇಯಾ ದೆಲ್ಲಾ ರೊಬ್ಬಿಯಾ ಎಂಬ ಕಲಾವಿದ ಮಣ್ಣಿನಲ್ಲಿ ಮಾಡಿ, ನೀಲಿ ಹಿನ್ನೆಲೆಯ ಮೇಲೆ ಬಿಳಿ ಮೆರುಗು ಕೊಟ್ಟು ಸುಟ್ಟ ಉಬ್ಬುಶಿಲ್ಪಗಳನ್ನು ನೋಡಿ. ಗಾಳಿ, ಮಂಜು, ತೇವ ತುಂಬಿದ ಈ ಎತ್ತರದಲ್ಲಿ ಭಿತ್ತಿಚಿತ್ರ ಬಾಳುವುದು ಕಷ್ಟ. ಐದು ಶತಮಾನ ಕಳೆದರೂ ಆ ನೀಲಿ ಮಾತ್ರ ಮಾಸಿಲ್ಲ.

ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಮಠದ ಸಹೋದರರು ಉದ್ದನೆಯ ಮೊಗಸಾಲೆಯೊಂದರಲ್ಲಿ ಮೆರವಣಿಗೆಯಾಗಿ ಪಂಚಗಾಯಗಳ ಪ್ರಾರ್ಥನಾಲಯಕ್ಕೆ ಹೋಗುತ್ತಾರೆ. ಹಿಂದೊಮ್ಮೆ ವಿಪರೀತ ಹಿಮ ಬಿದ್ದ ರಾತ್ರಿ ಸಹೋದರರು ಹೊರಗೆ ಕಾಲಿಡಲಾರದೆ ಈ ಪದ್ಧತಿಯನ್ನು ತಪ್ಪಿಸಿದರಂತೆ; ಬೆಳಗ್ಗೆ ನೋಡಿದರೆ ಹಿಮದ ಮೇಲೆ ಪ್ರಾರ್ಥನಾಲಯದವರೆಗೂ ಕಾಡುಪ್ರಾಣಿಗಳ ಹೆಜ್ಜೆಗುರುತು ಸಾಲಾಗಿ ಮೂಡಿತ್ತಂತೆ. ಮಾಡು ಹೊದಿಸಿದ ಮೊಗಸಾಲೆ ಬಂದದ್ದು ಆ ನಂತರವೇ ಎಂದು ಹೇಳುತ್ತಾರೆ. ಮೊಗಸಾಲೆಯ ನಡುವಿನ ಸಣ್ಣ ಬಾಗಿಲೊಂದು ಬಂಡೆಯ ಬಿರುಕಿನೊಳಕ್ಕೆ ತೆರೆಯುತ್ತದೆ; ಫ್ರಾನ್ಸಿಸ್ ಮಲಗುತ್ತಿದ್ದ ಕಲ್ಲಿನ ಹಾಸು ಅಲ್ಲಿದೆ, ಈಗ ಅದರ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕೆಳಗಿಳಿದರೆ ‘ಸಾಸ್ಸೊ ಸ್ಪಿಕ್ಕೊ’ ಎಂಬ ಭಾರಿ ಬಂಡೆ, ಯಾವ ಆಸರೆಯೂ ಇಲ್ಲದಂತೆ ತಲೆಯ ಮೇಲೆ ಚಾಚಿಕೊಂಡಿದೆ. ಸಂಜೆ ಪ್ರವಾಸಿ ಬಸ್ಸುಗಳು ಇಳಿದುಹೋದ ಮೇಲೆ ಇಲ್ಲಿ ಇನ್ನೊಮ್ಮೆ ಹೋಗಿ ಬನ್ನಿ. ಒಂದು ರಾತ್ರಿ ಉಳಿಯಿರಿ ಎಂದದ್ದು ಇದಕ್ಕೆ.

ಹೆಜ್ಜೆ 5: ಲಾ ವೆರ್ನಾದಿಂದ ಗುಬ್ಬಿಯೊಗೆ

ಮೊದಲ ದಿನ ಪಿಯೆವೆ ಸಾಂತೊ ಸ್ಟೆಫಾನೊಗೆ ಸುಮಾರು 15 ಕಿಲೋಮೀಟರ್, ಹೆಚ್ಚೆಲ್ಲ ಇಳಿಜಾರು. ಮೊಣಕಾಲು ನೋಯುವುದು ಏರಿನಲ್ಲಲ್ಲ, ಇಂಥ ಇಳುಕಲಿನಲ್ಲಿ. ಊರುಗೋಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೆಯ ದಿನ ಸಾನ್‌ಸೆಪೋಲ್ಕ್ರೊ ಕಡೆಗೆ ದೀರ್ಘ ನಡಿಗೆ. ದಾರಿಯಲ್ಲಿ ಸಿಗುವ ಮೊಂತೆಕಸಾಲೆ ಆಶ್ರಮವನ್ನು ತಪ್ಪಿಸಬೇಡಿ. ಕಾಡಿನಲ್ಲಿ ದರೋಡೆ ಮಾಡುತ್ತಿದ್ದ ಮೂವರು ಇಲ್ಲಿಗೆ ಊಟ ಬೇಡಿ ಬಂದಾಗ ಮಠದ ಮೇಲ್ವಿಚಾರಕರು ಬೈದು ಅಟ್ಟಿದರೆಂದೂ, ಹಿಂತಿರುಗಿ ಬಂದ ಫ್ರಾನ್ಸಿಸ್ ಅದೇ ಮೇಲ್ವಿಚಾರಕರ ಕೈಯಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಕಳ್ಳರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಲು ಕಳಿಸಿದರೆಂದೂ ಕಥೆಯಿದೆ. ಆ ಮೂವರೂ ಕೊನೆಗೆ ಸಂನ್ಯಾಸಿಗಳಾದರಂತೆ.

ಸಾನ್‌ಸೆಪೋಲ್ಕ್ರೊ ಚಿತ್ರಕಾರ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಹುಟ್ಟಿದೂರು. ಕ್ರಿಸ್ತನು ಸಮಾಧಿಯಿಂದ ಎದ್ದು ನಿಂತ ಅವರ ಭಿತ್ತಿಚಿತ್ರ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಫ್ರಾನ್ಸಿಸರಿಗೂ ಅದಕ್ಕೂ ನೇರ ನಂಟಿಲ್ಲ, ಆದರೂ ಒಂದು ಗಂಟೆ ಅಲ್ಲಿ ಕಳೆಯುವುದು ದಂಡವಲ್ಲ. ಮುಂದೆ ಚಿತೆರ್ನಾಗೆ ಸುಮಾರು 12, ಅಲ್ಲಿಂದ ಚಿತ್ತಾ ದಿ ಕಾಸ್ತೆಲ್ಲೊಗೆ ಸುಮಾರು 20 ಕಿಲೋಮೀಟರ್. ಹೊಲ, ದ್ರಾಕ್ಷಿತೋಟ, ಹೊಗೆಸೊಪ್ಪಿನ ಗದ್ದೆಗಳ ನಡುವಿನ ಈ ಎರಡು ದಿನ ಸುಲಭದವು.

ಇಡೀ ದಾರಿಯಲ್ಲಿ ಕಠಿಣವಾದದ್ದು ಚಿತ್ತಾ ದಿ ಕಾಸ್ತೆಲ್ಲೊದಿಂದ ಪಿಯೆತ್ರಲುಂಗಾವರೆಗಿನ ಸುಮಾರು 30 ಕಿಲೋಮೀಟರ್. ನಡುವೆ ಅಂಗಡಿಯನ್ನು ನೆಚ್ಚದೆ ಎರಡು ಹೊತ್ತಿನ ಆಹಾರವನ್ನೂ ಕನಿಷ್ಠ ಎರಡು ಲೀಟರ್ ನೀರನ್ನೂ ಹೊತ್ತು ನಸುಕಿನಲ್ಲೇ ಹೊರಡಿ. ಕಷ್ಟವೆನಿಸಿದರೆ ನಡುವಿನ ಕೃಷಿಮನೆಯೊಂದರಲ್ಲಿ ತಂಗುವಂತೆ ಮೊದಲೇ ಮಾತನಾಡಿ ಎರಡು ದಿನ ಮಾಡಿಕೊಳ್ಳಿ. ಅದರಲ್ಲಿ ಅವಮಾನವೇನಿಲ್ಲ. ಮರುದಿನ ಗುಬ್ಬಿಯೊಗೆ ಸುಮಾರು 26 ಕಿಲೋಮೀಟರ್.

ಗುಬ್ಬಿಯೊ ಎಂದರೆ ತೋಳದ ಊರು. ಊರಿನವರನ್ನು ನಡುಗಿಸುತ್ತಿದ್ದ ತೋಳವೊಂದರ ಎದುರಿಗೆ ಫ್ರಾನ್ಸಿಸ್ ಬರಿಗೈಯಲ್ಲಿ ಹೋಗಿ ‘ಅಣ್ಣ ತೋಳ’ ಎಂದು ಕರೆದು ಒಪ್ಪಂದ ಮಾಡಿಕೊಂಡರೆಂಬ ಕಥೆ ಎಲ್ಲರಿಗೂ ಗೊತ್ತು. ಒಪ್ಪಂದದ ಕರಾರನ್ನು ಮಾತ್ರ ಜನ ಮರೆಯುತ್ತಾರೆ: ತೋಳ ಯಾರನ್ನೂ ಕಚ್ಚುವಂತಿಲ್ಲ, ಊರಿನವರು ಅದಕ್ಕೆ ದಿನವೂ ಊಟ ಹಾಕಬೇಕು, ಏಕೆಂದರೆ ಅದು ಕೆಟ್ಟದ್ದು ಮಾಡಿದ್ದು ಹಸಿವಿನಿಂದ. ಭೇಟಿ ನಡೆದದ್ದೆನ್ನುವ ಊರಾಚೆಯ ‘ವಿತ್ತೊರೀನಾ’ ಗುಡಿಗೂ, ತೋಳವನ್ನು ಹೂಳಿದರೆನ್ನುವ ಒಳಗಿನ ‘ಸಾನ್ ಫ್ರಾಂಚೆಸ್ಕೊ ದೆಲ್ಲಾ ಪಾಚೆ’ ಗುಡಿಗೂ ಹೋಗಿ. ದೊಡ್ಡದಾದ ಸಾನ್ ಫ್ರಾಂಚೆಸ್ಕೊ ಚರ್ಚು ನಿಂತಿರುವ ಕಡೆ ಸ್ಪಾದಲೊಂಗಾ ಎಂಬ ಮನೆತನದವರ ಮನೆಯಿತ್ತು. ಎಲ್ಲವನ್ನೂ ಬಿಟ್ಟು ಬಂದ ಯುವಕ ಫ್ರಾನ್ಸಿಸರಿಗೆ ಮೈಮುಚ್ಚಲು ಅಂಗಿ ಕೊಟ್ಟವರು ಇವರೇ. ಮೇ 15ರಂದು ಮರದ ಭಾರಿ ಸ್ತಂಭಗಳನ್ನು ಹೊತ್ತು ಬೆಟ್ಟಕ್ಕೆ ಓಡುವ ಊರಹಬ್ಬವಿದೆ. ಆ ದಿನಗಳಲ್ಲಿ ಬಂದರೆ ಕೋಣೆಯ ಆಸೆ ಬಿಡಿ.

ಹೆಜ್ಜೆ 6: ಗುಬ್ಬಿಯೊದಿಂದ ಅಸ್ಸಿಸಿಗೆ, ಎದುರು ದಿಕ್ಕಿನ ಹೆಜ್ಜೆಗಳ ಮೇಲೆ

ಈ ಭಾಗ ನಿಜವಾದ ಹೆಜ್ಜೆಗಳಿಗೆ ಹತ್ತಿರ ಎಂದಿದ್ದೆ. ತಂದೆಯೆದುರು ಧರ್ಮಾಧ್ಯಕ್ಷರ ಸನ್ನಿಧಿಯಲ್ಲಿ ಬಟ್ಟೆಯನ್ನೂ ಕಳಚಿಕೊಟ್ಟ ಮೇಲೆ, ಹಿಮ ಬಿದ್ದ ಕಾಡಿನಲ್ಲಿ ಹಾಡಿಕೊಂಡು ಹೋಗುತ್ತಿದ್ದ ಫ್ರಾನ್ಸಿಸರನ್ನು ಕಳ್ಳರು ಅಡ್ಡಗಟ್ಟಿ ಯಾರೆಂದು ಕೇಳಿದರು. ‘ನಾನು ಮಹಾರಾಜನ ದೂತ’ ಎಂದದ್ದಕ್ಕೆ ಹೊಡೆದು ಹಿಮ ತುಂಬಿದ ಗುಂಡಿಗೆ ದೂಡಿದರು. ಎದ್ದು ಮೈಕೊಡವಿ ಹತ್ತಿರದ ಮಠವೊಂದರಲ್ಲಿ ಅಡುಗೆಮನೆಯ ಆಳಾಗಿ ಕೆಲವು ದಿನ ದುಡಿದು, ಅಲ್ಲಿಯೂ ಬಟ್ಟೆ ಸಿಗದೆ ಗುಬ್ಬಿಯೊಗೆ ಬಂದರು. ಸಂತರ ಮೊದಲ ಜೀವನಚರಿತ್ರೆ ಬರೆದ ಚೆಲಾನೊದ ತೊಮಾಸೊ ದಾಖಲಿಸಿರುವ ಘಟನೆ ಇದು. ಫ್ರಾನ್ಸಿಸ್ ಅಸ್ಸಿಸಿಯಿಂದ ಗುಬ್ಬಿಯೊಗೆ ನಡೆದರು. ನೀವು ತಿರುಗಿ ಹೋಗುತ್ತಿದ್ದೀರಿ. ಆ ಮಠವೆಂದು ಪರಂಪರೆ ಗುರುತಿಸುವ ವಾಲ್ಲಿಂಜೇನ್ಯೊ ದಾರಿಯ ಹತ್ತಿರದಲ್ಲೇ ಸಿಗುತ್ತದೆ. ಬಿಶೀನಾ, ವಾಲ್‌ಫಾಬ್ರಿಕಾಗಳಲ್ಲಿ ತಂಗಿ ಮೂರು ದಿನದಲ್ಲಿ ಇದನ್ನು ಮುಗಿಸಿ. ಮಳೆ ಬಂದರೆ ಇಲ್ಲಿನ ಜೇಡಿಮಣ್ಣು ಬೂಟಿಗೆ ಸೇರುಗಟ್ಟಲೆ ಅಂಟಿಕೊಳ್ಳುತ್ತದೆ. ಕೊನೆಯ ದಿನ ಸುಮಾರು 14 ಕಿಲೋಮೀಟರ್. ತೆಶೊ ಹೊಳೆಯನ್ನು ದಾಟಿ ಮೇಲೆ ನೋಡಿದರೆ ಕಮಾನುಗಳ ಸಾಲಿನ ಮೇಲೆ ನಿಂತ ಬೆಸಿಲಿಕಾ ಕಾಣುತ್ತದೆ.

ಹೆಜ್ಜೆ 7: ಅಸ್ಸಿಸಿಯನ್ನು ಬದುಕಿನ ಕ್ರಮದಲ್ಲಿ ನೋಡುವುದು

ದಾರಿ ನಿಮ್ಮನ್ನು ನೇರವಾಗಿ ಸಮಾಧಿಯಿರುವ ಬೆಸಿಲಿಕಾದ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಒಳಗೆ ಹೋಗಿ ಕೈಮುಗಿಯಿರಿ, ಠಸ್ಸೆ ಹಾಕಿಸಿ, ಯಾತ್ರೆ ಪೂರೈಸಿದ ಪತ್ರ ಪಡೆಯಿರಿ; ಚಿತ್ರ ನೋಡುವ ಕೆಲಸವನ್ನು ಆಗಲೇ ಆರಂಭಿಸಬೇಡಿ. ಮಾರನೆಯ ದಿನ ಊರನ್ನು ಹುಟ್ಟಿನಿಂದ ಹಿಡಿದು ನೋಡುತ್ತ ಬಂದರೆ ಆ ಚಿತ್ರಗಳು ತಾವಾಗಿಯೇ ಮಾತನಾಡುತ್ತವೆ.

ಸಾನ್ ರುಫೀನೊ ಪ್ರಧಾನಾಲಯದಲ್ಲಿ ಫ್ರಾನ್ಸಿಸರಿಗೂ, ಅವರ ದಾರಿ ಹಿಡಿದು ಸಂನ್ಯಾಸಿನಿಯಾದ ಅದೇ ಊರಿನ ಕ್ಲಾರಾ ಅವರಿಗೂ ದೀಕ್ಷಾಸ್ನಾನವಾದ ತೊಟ್ಟಿಯಿದೆ. ಅಲ್ಲಿಂದ ಚೌಕದ ಬಳಿಯ ಕಿಯೇಸಾ ನುವೊವಾ. ಫ್ರಾನ್ಸಿಸರ ಮನೆಯಿದ್ದ ಜಾಗದ ಮೇಲೆ 1615ರಲ್ಲಿ ಕಟ್ಟಿದ ಚರ್ಚು ಇದು, ತಂದೆ ಮಗನನ್ನು ಕೂಡಿಹಾಕಿದ್ದರೆನ್ನುವ ಇಕ್ಕಟ್ಟಿನ ಗೂಡನ್ನು ಒಳಗೆ ತೋರಿಸುತ್ತಾರೆ. ನಂತರ ಊರಬಾಗಿಲು ದಾಟಿ ಆಲಿವ್ ತೋಟಗಳ ನಡುವೆ ಸಾನ್ ದಮಿಯಾನೊಗೆ ಇಳಿಯಿರಿ. ಪಾಳುಬಿದ್ದಿದ್ದ ಈ ಗುಡಿಯಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ ‘ನನ್ನ ಮನೆಯನ್ನು ದುರಸ್ತಿ ಮಾಡು’ ಎಂದದ್ದನ್ನು ಕೇಳಿ ಫ್ರಾನ್ಸಿಸ್ ಅಕ್ಷರಶಃ ಕಲ್ಲು ಹೊತ್ತು ಗೋಡೆ ಕಟ್ಟಿದರು. ಕ್ಲಾರಾ ತಮ್ಮ ಸಹೋದರಿಯರೊಂದಿಗೆ ನಾಲ್ಕು ದಶಕ ಬಾಳಿ 1253ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರು ಮಲಗುತ್ತಿದ್ದ ಕೋಣೆ, ಹೊಗೆಹಿಡಿದ ಊಟದ ಮನೆ ಹಾಗೆಯೇ ಉಳಿದಿವೆ. ಕಣ್ಣು ಬಹುಮಟ್ಟಿಗೆ ಕುರುಡಾಗಿದ್ದ ಕಾಲದಲ್ಲಿ ಸೂರ್ಯ, ನೀರು, ಬೆಂಕಿ, ಭೂಮಿಯನ್ನು ಒಡಹುಟ್ಟಿದವರೆಂದು ಕರೆದು ಫ್ರಾನ್ಸಿಸ್ ಸ್ತುತಿಗೀತೆ ಕಟ್ಟಿದ್ದು ಕೂಡ ಇದೇ ಅಂಗಳದ ಆಸರೆಯಲ್ಲಿ. ಈಗ ಇಲ್ಲಿರುವ ಶಿಲುಬೆ ಪ್ರತಿ. ಮೂಲ ಶಿಲುಬೆ ಮೇಲೆ ಸಾಂತಾ ಕ್ಯಾರಾ ಬೆಸಿಲಿಕಾದಲ್ಲಿ, ಕ್ಲಾರಾ ಅವರ ಸಮಾಧಿಯ ಜೊತೆ ಇದೆ.

ಬಟ್ಟೆ ಕಳಚಿಕೊಟ್ಟ ಜಾಗ ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಆವರಣ. 2006ರಲ್ಲಿ ಹದಿನೈದನೆಯ ವಯಸ್ಸಿಗೆ ತೀರಿಕೊಂಡು 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಪಡೆದ ಕಾರ್ಲೊ ಅಕೂತಿಸ್ ಅವರ ಶರೀರ ಇಲ್ಲಿರುವುದರಿಂದ ಈಗ ಸಾಲು ಉದ್ದವಿರುತ್ತದೆ. ಬೆಳಗ್ಗೆ ಬೇಗ ಹೋಗಿ.

ಊರಿನ ಮೇಲೆ, ಸುಬಾಸಿಯೊ ಬೆಟ್ಟದ ಕಾಡಿನಲ್ಲಿ ಸುಮಾರು 4 ಕಿಲೋಮೀಟರ್ ಏರಿದರೆ ‘ಎರೆಮೊ ದೆಲ್ಲೆ ಕಾರ್ಚೆರಿ’. ತಲೆ ತಗ್ಗಿಸಿ, ಭುಜ ಓರೆ ಮಾಡಿ ನುಸುಳಬೇಕಾದ ಬಾಗಿಲುಗಳ ಈ ಆಶ್ರಮಕ್ಕೆ ಬೆನ್ನುಚೀಲ ಬಿಟ್ಟು ಬನ್ನಿ. ನನಗೆ ಕೇಳಿದರೆ ಅಸ್ಸಿಸಿಯಲ್ಲಿ ಒಂದೇ ಜಾಗಕ್ಕೆ ಸಮಯವಿರುವವರು ಇಲ್ಲಿಗೆ ಹೋಗಬೇಕು. ಒಪ್ಪದವರು ಬಹಳ ಮಂದಿ ಇದ್ದಾರೆ.

ಕೆಳಗಿನ ಬಯಲಿನಲ್ಲಿ ರಿವೊತೋರ್ತೊ ಚರ್ಚಿನೊಳಗೆ ಮೊದಲ ಸಹೋದರರು ಬಾಳಿದ ಗುಡಿಸಲಿನ ಮಾದರಿಯಿದೆ. ರೈಲು ನಿಲ್ದಾಣದ ಬಳಿಯ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಬೆಸಿಲಿಕಾವನ್ನು 1569ರಲ್ಲಿ ಆರಂಭಿಸಿ 1679ರಲ್ಲಿ ಮುಗಿಸಿದರು. ಆ ಭಾರಿ ಗುಮ್ಮಟದ ಅಡಿಯಲ್ಲಿ, ದೊಡ್ಡ ಮನೆಯ ಹಜಾರದಲ್ಲಿಟ್ಟ ತುಳಸಿಕಟ್ಟೆಯಷ್ಟೇ ಒಂಟಿಯಾಗಿ, ಪೊರ್ತ್ಸಿಯುಂಕೊಲಾ ಎಂಬ ಕಲ್ಲಿನ ಪುಟ್ಟ ಗುಡಿ ನಿಂತಿದೆ. ಫ್ರಾನ್ಸಿಸ್ ಇದರ ಒಡೆತನ ಬೇಡವೆಂದು, ಒಡೆಯರಾದ ಬೆನೆಡಿಕ್ಟೈನ್ ಸಂನ್ಯಾಸಿಗಳಿಗೆ ವರ್ಷಕ್ಕೊಂದು ಬುಟ್ಟಿ ಮೀನು ಬಾಡಿಗೆಯಾಗಿ ಕೊಡುತ್ತಿದ್ದರಂತೆ. ಸಂಘ ಬೆಳೆದದ್ದು ಇಲ್ಲಿ, ಕ್ಲಾರಾ ಮನೆಬಿಟ್ಟು ರಾತ್ರಿ ಓಡಿಬಂದು ಕೂದಲು ಕತ್ತರಿಸಿಕೊಂಡದ್ದು ಇಲ್ಲಿ, ಕೆಲವೇ ಹೆಜ್ಜೆ ಆಚೆ ‘ತ್ರಾನ್ಸಿತೊ’ ಎಂಬ ಕೋಣೆಯಲ್ಲಿ ಫ್ರಾನ್ಸಿಸ್ ತೀರಿಕೊಂಡದ್ದು. ಆಗಸ್ಟ್ 2ರ ಕ್ಷಮಾಪಣೆಯ ಹಬ್ಬಕ್ಕೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈಗ ಬೆಸಿಲಿಕಾಕ್ಕೆ ಮರಳಿ. ಮರಣದಂಡನೆಯ ಜಾಗವಾಗಿದ್ದು ‘ನರಕದ ಗುಡ್ಡ’ ಎನಿಸಿಕೊಂಡಿದ್ದ ಕಡೆ, ಸಂತ ಪದವಿ ಘೋಷಣೆಯಾದ 1228ರಲ್ಲೇ ಇದರ ಕೆಲಸ ಆರಂಭವಾಯಿತು. 1230ರಲ್ಲಿ ಶರೀರವನ್ನು ತಂದು ಯಾರೂ ಕದಿಯದಂತೆ ಎಷ್ಟು ಆಳದಲ್ಲಿ ಅಡಗಿಸಿದರೆಂದರೆ, 1818ರಲ್ಲಿ ರಾತ್ರಿಗಳಲ್ಲಿ ಅಗೆದು ಹುಡುಕುವವರೆಗೂ ಅದರ ನೆಲೆ ತಿಳಿಯಲಿಲ್ಲ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ. ನೆಲಮಾಳಿಗೆಯಲ್ಲಿ ಒರಟು ಕಲ್ಲಿನ ಕಂಬದೊಳಗಿನ ಸಮಾಧಿ, ಸುತ್ತ ನಾಲ್ವರು ಜೊತೆಗಾರರು. ಕೆಳಚರ್ಚಿನಲ್ಲಿ ಚಿಮಾಬುವೆ ಬರೆದ ಫ್ರಾನ್ಸಿಸ್: ಕುಳ್ಳ, ದೊಡ್ಡ ಕಿವಿಯ, ದಣಿದ ಮನುಷ್ಯ. ಲಾ ವೆರ್ನಾದಲ್ಲಿ ತಮ್ಮ ಜೊತೆಗಾರ ಸಹೋದರ ಲಿಯೋ ಅವರಿಗೆ ಫ್ರಾನ್ಸಿಸ್ ಸ್ವಂತ ಕೈಯಲ್ಲಿ ಬರೆದುಕೊಟ್ಟ ಆಶೀರ್ವಾದದ ಚರ್ಮದ ಹಾಳೆಯೂ ಇಲ್ಲಿದೆ, ತೌ ಗುರುತಿನೊಂದಿಗೆ. ಮೇಲಿನ ಚರ್ಚಿನಲ್ಲಿ ಸಂತರ ಬದುಕಿನ 28 ಭಿತ್ತಿಚಿತ್ರಗಳು. ಚಿತ್ರಕಾರ ಜೊತ್ತೊ ಅವರದೆಂಬುದು ರೂಢಿ, ಕಲಾ ಇತಿಹಾಸಕಾರರಲ್ಲಿ ಈ ಬಗ್ಗೆ ಇನ್ನೂ ಜಗಳವಿದೆ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಇದರ ಚಾವಣಿ ಕುಸಿದು ನಾಲ್ವರು ಸತ್ತರು. ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಎರಡು ವರ್ಷದ ಮೇಲೆ ಮತ್ತೆ ಬಾಗಿಲು ತೆರೆದರು. ಪ್ರವೇಶ ಉಚಿತ, ಛಾಯಾಚಿತ್ರ ನಿಷೇಧ.

ಹೆಜ್ಜೆ 8: ರಿಯೇತಿಯ ನಾಲ್ಕು ಆಶ್ರಮಗಳು

ದಕ್ಷಿಣಕ್ಕೆ ನಡೆಯುವವರಿಗೆ ಸ್ಪೆಲ್ಲೊ, ಫೊಲಿನ್ಯೊ, ತ್ರೇವಿ, ಸ್ಪೊಲೇತೊ ಸಿಗುತ್ತವೆ. ಸ್ಪೊಲೇತೊದ ಪ್ರಧಾನಾಲಯದಲ್ಲಿ ಲಿಯೋ ಅವರಿಗೇ ಬರೆದ ಇನ್ನೊಂದು ಸ್ವಹಸ್ತ ಪತ್ರವಿದೆ; ಊರಿನ ಮೇಲಿನ ಮೊಂತೆಲೂಕೊ ಕಾಡೂ ಏರಿ ನೋಡತಕ್ಕದ್ದು. ರೈಲಿನಲ್ಲಿ ಹೋಗುವವರು ತೆರ್ನಿಯಲ್ಲಿ ಬದಲಿಸಿ ರಿಯೇತಿಗೆ ಬನ್ನಿ.

ಕಣಿವೆಯ ನಾಲ್ಕು ಅಂಚಿನಲ್ಲಿ ನಾಲ್ಕು ಆಶ್ರಮಗಳಿವೆ. ಎಲ್ಲವನ್ನೂ ಸುತ್ತುವ ನಡಿಗೆ ಸುಮಾರು 80 ಕಿಲೋಮೀಟರ್. ಎರಡೇ ದಿನವಿದ್ದರೆ ಟ್ಯಾಕ್ಸಿ ಹಿಡಿಯಿರಿ, ಮೊದಲ ಆಯ್ಕೆ ಗ್ರೆಚ್ಚೊ ಇರಲಿ. 1223ರ ಕ್ರಿಸ್ಮಸ್ ರಾತ್ರಿ ಫ್ರಾನ್ಸಿಸ್ ಈ ಬಂಡೆಯ ಗವಿಯಲ್ಲಿ ಹುಲ್ಲು ಹಾಸಿ, ಎತ್ತು ಮತ್ತು ಕತ್ತೆ ತಂದು ನಿಲ್ಲಿಸಿ, ಬೆತ್ಲೆಹೇಮನ್ನು ಕಣ್ಣಾರೆ ಕಾಣಬೇಕೆಂದರು. ಡಿಸೆಂಬರ್‌ನಲ್ಲಿ ನಮ್ಮ ಊರಿನ ಕ್ರೈಸ್ತರ ಮನೆಗಳ ಮುಂದೆ ಕಟ್ಟುವ ಗೋದಲಿಯ ವಂಶಾವಳಿಯನ್ನು ಹಿಡಿದು ಹೋದರೆ ತಲುಪುವುದು ಈ ಗವಿಗೆ. ಹೊಸ ಚರ್ಚಿನಲ್ಲಿ ದೇಶದೇಶದ ಗೋದಲಿಗಳ ಪ್ರದರ್ಶನವಿದೆ. ಅದನ್ನು ಕೊನೆಗಿಟ್ಟು, ಹಳೆಯ ಭಾಗದ ಮರದ ಗೂಡುಗಳಂಥ ಮಲಗುಕೋಣೆಗಳನ್ನು ಮೊದಲು ನೋಡಿ.

ಫೊಂತೆ ಕೊಲೊಂಬೊ ಆಶ್ರಮದ ಕೆಳಗಿನ ಬಿರುಕಿನಲ್ಲಿ ಕೂತು ಫ್ರಾನ್ಸಿಸ್ ಸಂಘದ ನಿಯಮಾವಳಿಯನ್ನು ಬರೆಸಿದರು. 1223ರ ನವೆಂಬರ್ 29ರಂದು ಪೋಪ್ ಮೂರನೆಯ ಹೊನೋರಿಯಸ್ ಅದಕ್ಕೆ ಒಪ್ಪಿಗೆ ಕೊಟ್ಟರು. ಕಣ್ಣಿನ ಕಾಯಿಲೆಗೆಂದು ವೈದ್ಯರು ಕಾದ ಕಬ್ಬಿಣದಿಂದ ಅವರ ಕೆನ್ನೆಯ ಮೇಲಿಂದ ಹುಬ್ಬಿನವರೆಗೆ ಬರೆ ಹಾಕಿದ್ದೂ ಇಲ್ಲೇ. ಆಗ ಅವರು ‘ಅಣ್ಣ ಬೆಂಕಿ, ನನ್ನ ಮೇಲೆ ದಯೆಯಿರಲಿ’ ಎಂದು ಕೇಳಿಕೊಂಡರಂತೆ. ಲಾ ಫೊರೆಸ್ತಾದಲ್ಲಿ, ಫ್ರಾನ್ಸಿಸರನ್ನು ನೋಡಬಂದ ಜನ ದ್ರಾಕ್ಷಿತೋಟವನ್ನೆಲ್ಲ ತಿಂದು ತುಳಿದರೂ ಆ ವರ್ಷ ಹೆಚ್ಚು ರಸ ಬಂದಿತೆಂಬ ಕಥೆಯಿದೆ. ಪೊಜ್ಜೊ ಬುಸ್ತೋನೆಗೆ ಬಂದಾಗ ಅವರು ‘ಶುಭದಿನ, ಒಳ್ಳೆಯ ಜನರೇ’ ಎಂದು ವಂದಿಸಿದ್ದನ್ನು ನೆನೆದು ಇಂದಿಗೂ ಅಕ್ಟೋಬರ್ 4ರ ಬೆಳಗ್ಗೆ ತಮಟೆಯವನೊಬ್ಬ ಮನೆಮನೆಗೆ ಹೋಗಿ ಅದೇ ಮಾತನ್ನು ಹೇಳುತ್ತಾನೆ. ಅಲ್ಲಿನ ಗವಿಗೆ ಕಡಿದಾದ ಏರು, ಅರ್ಧ ದಿನ ಮೀಸಲಿಡಿ.

ಹೆಜ್ಜೆ 9: ವಿಮಾನ ಹತ್ತುವ ಮುನ್ನ ರೋಮಿನಲ್ಲಿ ಅರ್ಧ ದಿನ

ಫ್ರಾನ್ಸಿಸ್ ತಮ್ಮ ಮೊದಲ ಸಂಗಡಿಗರೊಂದಿಗೆ ಪೋಪ್ ಮೂರನೆಯ ಇನ್ನೊಸೆಂಟರ ಬಾಯಿಮಾತಿನ ಒಪ್ಪಿಗೆ ಪಡೆದದ್ದು ಲಾತರಾನ್ ಅರಮನೆಯಲ್ಲಿ. ಅರಮನೆಯ ಪಕ್ಕದ ಬೆಸಿಲಿಕಾದ ಎದುರಿನ ಉದ್ಯಾನದಲ್ಲಿ ಕೈಯೆತ್ತಿ ನಿಂತ ಅವರ ಪ್ರತಿಮೆಯಿದೆ. ಅಲ್ಲಿಂದ ತ್ರಾಸ್ತೆವೆರೆ ಕಡೆಯ ಸಾನ್ ಫ್ರಾಂಚೆಸ್ಕೊ ಅ ರೀಪಾ ಚರ್ಚಿಗೆ ಹೋಗಿ. ಬಹುಮಂದಿ ಬರ್ನಿನಿ ಕೆತ್ತಿದ ಲುದೊವಿಕಾ ಆಲ್ಬೆರ್ತೋನಿಯ ಅಮೃತಶಿಲೆಯ ಮೂರ್ತಿಯನ್ನು ನೋಡಿ ಹೊರಡುತ್ತಾರೆ. ನೀವು ಚರ್ಚಿನ ಸಹಾಯಕರ ಬಳಿ ಹೋಗಿ, ಫ್ರಾನ್ಸಿಸ್ ರೋಮಿಗೆ ಬಂದಾಗ ತಂಗುತ್ತಿದ್ದ ಕೋಣೆಯನ್ನು ತೋರಿಸಲು ಕೇಳಿಕೊಳ್ಳಿ. ತೆರೆದಿರುವ ಹೊತ್ತಾಗಿದ್ದರೆ ಕಿರಿದಾದ ಮೆಟ್ಟಿಲು ಹತ್ತಿಸುತ್ತಾರೆ. ಅಲ್ಲಿ ಜಾಲರಿಯ ಹಿಂದೆ ಇರುವುದು ಅವರು ತಲೆದಿಂಬಾಗಿ ಇಟ್ಟುಕೊಳ್ಳುತ್ತಿದ್ದರೆನ್ನುವ ಒಂದು ಕಲ್ಲು.